ನಿರ್ದೇಶಕ ಬಾಲಾಜಿ ಮತ್ತು ನಮ್ಮಮ್ಮನ ಹಾಲಿನ ಕ್ಯಾನು

ನಮ್ಮ ಕಾಲೇಜಿನಲ್ಲಿ ಕ್ಯಾಮೆರಾ ಮುಟ್ಟದೆಯೇ ನಿರ್ದೇಶಕನಾದವನು ಬಾಲಾಜಿ ಒಬ್ಬನೇ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಹುಡುಗ. ಕೂಲಿಂಗ್ ಗ್ಲಾಸ್ ಇಲ್ಲದೆ ಅವನನ್ನು ನೋಡಿದವರು ಅವನ ಮನೆಯವರು ಮಾತ್ರ ಇರಬೇಕು. ಚಿತ್ರಕ್ಕೆ ಕತೆ ಹೊಳೆಯುವ ಮೊದಲೇ ತನ್ನ ಹೆಸರು ಯಾವ ಅಕ್ಷರದಲ್ಲಿ ಬರಬೇಕೆಂದು ತೀರ್ಮಾನಿಸುತ್ತಿದ್ದ.

ಕಲಾ ಮೇಡಂ ನಮಗೆ ಎರಡು ವಿಡಿಯೊ ಮಾಡಲು ಹೇಳಿದರು. ಒಂದು ಗುಂಪಿನಲ್ಲಿ, ಇನ್ನೊಂದು ಒಬ್ಬೊಬ್ಬರೇ. ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ಗುಡ್ಡದ ಮುಂದೆ ನಿಂತು ಕೂದಲು ಹಾರಿಸುವುದು ಬೇಡ, ಪ್ರತಿವರ್ಷ ನೋಡಿ ಸಾಕಾಗಿದೆ ಎಂದೂ ಹೇಳಿದರು. ಬಾಲಾಜಿಯ ಮುಖ ಸಣ್ಣಗಾಯಿತು. ಅವನ ಕಲ್ಪನೆ ಆ ಗುಡ್ಡ ಬಿಟ್ಟು ಎಂದೂ ಕೆಳಗಿಳಿದದ್ದಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಅಸು ಐತಲ್ಲ ಸುಕನ್ಯ?" ಎಂದ. ನಾನು ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ದಿನಾ ರೈಲಿನಲ್ಲಿ ಊರಿಗಾಂನ ಕಾಲೇಜಿಗೆ ಬರುವವಳು. ಹಳ್ಳಿಯವಳೆಂದರೆ ಹಸು ಇರಲೇಬೇಕು ಎಂದು ಅವನ ಲೆಕ್ಕ. ಇತ್ತು ಅನ್ನಿ.

ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಬನ್ನಿ ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೆ. ಮಹಾಶಯ ಬಂದದ್ದು ಬಿಸಿಲೇರಿದ ಮೇಲೆ. ಹಾಲು ಡೈರಿ ಸೇರಿತ್ತು. ಹಸು ಮೆಲುಕು ಹಾಕುತ್ತ ಮಲಗಿತ್ತು.

"ಇನ್ನೊಂದ್ಸಲ ಕರೀರಿ ಆಂಟಿ," ಎಂದ. ಹಸುವನ್ನು ನಲ್ಲಿ ಎಂದುಕೊಂಡಿದ್ದ.

ನಮ್ಮಮ್ಮ ಮುನಿನಾರಾಯಣಮ್ಮ ನಕ್ಕಳು. "ಪಾಪ, ಅಷ್ಟು ದೂರದಿಂದ ಬಂದವ್ರೆ, ಬರೀ ಕೈಯಲ್ಲಿ ಕಳ್ಸಾದಾ?" ಎಂದು ಕಾಫಿಗೆ ಎತ್ತಿಟ್ಟ ಹಾಲನ್ನೇ ಕ್ಯಾನಿಗೆ ಸುರಿದಳು. ಅದು ತಳ ಮುಚ್ಚಲೂ ಸಾಲಲಿಲ್ಲ.

"ಕೊಂಚ ನೀರ್ ಆಕಿ ಆಂಟಿ, ಕ್ಯಾಮೆರಾಗೆ ಬೆಳ್ಳಗೆ ಕಂಡ್ರೆ ಸಾಕು."

ಅಮ್ಮ ಬಿಂದಿಗೆ ಬಗ್ಗಿಸಿದಳು. ನಮ್ಮ ಗುಂಪಿನ ಅರ್ಚನ ಅವನ ಫೋನು ಹಿಡಿದಿದ್ದಳು. ಅವನು ಸೊಂಟದ ಮೇಲೆ ಕೈಯಿಟ್ಟು "ಒನ್ ಮೋರ್" ಎನ್ನುತ್ತಿದ್ದ.

ಮರುದಿನ ಅದನ್ನು ಸ್ಟೇಟಸ್‌ಗೆ ಹಾಕಿದ. ಹಾಡಿಗೆ ಹೊಂದಲೆಂದು ಹಿಂದುಮುಂದು ಕತ್ತರಿಸಿದ್ದ. ಉಳಿದದ್ದು ಇಷ್ಟೇ: ನಮ್ಮಮ್ಮ ಹಾಲಿನ ಕ್ಯಾನಿಗೆ ನೀರು ಸುರಿಯುತ್ತಿದ್ದಾಳೆ, ಸುರಿಯುತ್ತ ನಗುತ್ತಿದ್ದಾಳೆ. ಸಂಜೆಯೊಳಗೆ ಅದು ನಮ್ಮೂರಿನ ಎಲ್ಲ ಫೋನುಗಳಲ್ಲಿತ್ತು.

ಬೆಳಗ್ಗೆ ಡೈರಿ ಸೆಕ್ರೆಟರಿ ದೊಡ್ಡವೆಂಕಟಪ್ಪ ಅಮ್ಮನ ಕ್ಯಾನನ್ನು ಪಕ್ಕಕ್ಕೆ ಸರಿಸಿದ.

"ಆಲಿಗೆ ಮೀಟರ್ ಬಿಟ್ ನೋಡಣ್ಣ. ಅವತ್ತು ಶೂಟಿಂಗ್‌ಗೆ ಅಂತ ಉಯ್ದಿದ್ದು," ಎಂದಳು ಅಮ್ಮ.

"ಇವತ್ತಿನ ಆಲು ಸರಿಯಾಗೇ ಇರ್ತದೆ ಕಣಮ್ಮ. ಊರೆಲ್ಲ ನೋಡೈತೆ, ನಾನೇನ್ ಯೋಳ್ಲಿ? ಆ ಉಡ್ಗನ್ನ ಕರ್ಕೊಂಡ್ ಬಾ, ಎಲ್ಲಾರ ಮುಂದೆ ಒಪ್ಕೊಳ್ಲಿ. ಅಲ್ಲೀವರ್ಗೂ ನಿನ್ನ ಆಲು ಬ್ಯಾಡ."

ದಿನಾ ಜೊತೆಗೆ ನಿಲ್ಲುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಅಮ್ಮ ತುಂಬಿದ ಕ್ಯಾನು ಹೊತ್ತು ವಾಪಸ್ ಬಂದಳು. ಅವತ್ತೇ ಕಾಲೇಜಿನಲ್ಲಿ ಬಾಲಾಜಿಯನ್ನು ಹಿಡಿದು, ಡೈರಿಗೆ ಬಂದು ಹೇಳು ಎಂದೆ.

"ಡಿಲೀಟ್ ಮಾಡಾಯ್ತಲ್ಲ, ಟೆನ್ಶನ್ ಯಾಕೆ? ನಾಳೆ ಬತ್ತೀನಿ," ಎಂದ ಬಾಲಾಜಿ. ಅವನ ನಾಳೆ ಬರಲೇ ಇಲ್ಲ. ಅರ್ಚನ ನನ್ನ ಕೈ ಹಿಡಿದು, "ಈಗ ಜಗಳ ಬೇಡ ಕಣೇ, ಮಾರ್ಕ್ಸ್ ಓಗ್ತದೆ," ಎಂದಳು. ಹೆಸರು ಹಾಕಿಸಿಕೊಳ್ಳಲು ಮೂವರಿದ್ದೆವು, ಡೈರಿ ಮುಂದೆ ಬಂದು ನಿಲ್ಲಲು ಯಾರೂ ಇರಲಿಲ್ಲ.

ಆ ವಾರವೇ ಕ್ಲಾಸಿನಲ್ಲಿ ನಮ್ಮ ಚಿತ್ರ ತೋರಿಸಿದರು. ಮುಗಿಯಿತು ಎಂದುಕೊಂಡಾಗ ಕೊನೆಗೆ ಶೂಟಿಂಗಿನ ತುಣುಕುಗಳು ಬಂದವು. ಅಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಬಾಲಾಜಿ ಪೂರ್ತಿಯಾಗಿ ನಿಂತಿದ್ದ! ಕೈ ಬೀಸುತ್ತ, "ಕೊಂಚ ನೀರ್ ಆಕಿ ಆಂಟಿ" ಎಂದು ಅಪ್ಪಣೆ ಕೊಡುತ್ತಿದ್ದ. ತಾನು ಚೆನ್ನಾಗಿ ಕಾಣುವ ತುಣುಕನ್ನು ಅಳಿಸುವಷ್ಟು ಬುದ್ಧಿ ಅವನಿಗಿರಲಿಲ್ಲ, ಪುಣ್ಯಕ್ಕೆ. ಹಲ್ಲು ಕಚ್ಚಿಕೊಂಡು, "ನಿನ್ನ ಗೆಟಪ್ ಸೂಪರ್, ನನಗೂ ಕಳ್ಸು," ಎಂದೆ. ತಕ್ಷಣ ಕಳಿಸಿದ.

ಮಾರನೆ ಬೆಳಗ್ಗೆ ಡೈರಿ ಮುಂದೆ ಜೋರಾಗಿ ಹಾಕಿ ತೋರಿಸಿದೆ. ಹೆಂಗಸರು ಬಗ್ಗಿ ನೋಡಿ ಬಿದ್ದು ಬಿದ್ದು ನಕ್ಕರು. "ಥೂ, ಇವ್ನಾ ಡೈರೆಕ್ಟ್ರು?" ಎಂದ ದೊಡ್ಡವೆಂಕಟಪ್ಪ, ತಾನೇ ಅಮ್ಮನ ಕ್ಯಾನು ಎಳೆದುಕೊಂಡ. ಅಮ್ಮ ಮಾತ್ರ ನಗಲಿಲ್ಲ.

ಕ್ಲಾಸಿನ ಗುಂಪು ಚಿತ್ರಗಳಲ್ಲಿ ನಮ್ಮದಕ್ಕೇ ಮೊದಲ ಬಹುಮಾನ ಬಂತು. ಬಾಲಾಜಿ ಗ್ಲಾಸ್ ತೆಗೆಯದೆಯೇ ಹೋಗಿ ಇಸಿದುಕೊಂಡ.

ನಾನೊಬ್ಬಳೇ ಮಾಡಬೇಕಾದ ವಿಡಿಯೊ ಉಳಿದಿತ್ತು. ಅದು ಅಮ್ಮನ ಬಗ್ಗೆ ಎಂದು ಮೇಡಂಗೆ ಹೇಳಿಟ್ಟಿದ್ದೆ. ನಸುಕಿನಲ್ಲಿ ಎದ್ದು ಕೊಟ್ಟಿಗೆಗೆ ಹೋಗಿ ಫೋನು ಎತ್ತಿದೆ. ಅಮ್ಮ ತಟ್ಟನೆ ಸೆರಗು ಎಳೆದು ಹಾಲಿನ ಬಕೆಟ್ ಮುಚ್ಚಿದಳು.

"ಬ್ಯಾಡ, ಒಳಗಿಡು."

"ನಾನು ಕಣಮ್ಮ. ಬಾಲಾಜಿ ಅಲ್ಲ."

"ನಿನ್ ಫೋನೂ ಅವ್ನ ಫೋನಿನಂತಾದ್ದೇ ಅಲ್ವಾ?"

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನನ್ನ ವಿಡಿಯೊದಲ್ಲಿ ಇರುವುದು ಆ ಮುಚ್ಚಿದ ಬಾಗಿಲು, ಒಳಗೆ ಬಕೆಟ್‌ಗೆ ಹಾಲು ಬೀಳುವ ಸದ್ದು, ಅಷ್ಟೇ. ನೋಡಿ ಮುಗಿಸಿದ ಕಲಾ ಮೇಡಂ, "ಇದರಲ್ಲಿ ನಿಮ್ಮ ತಾಯಿ ಎಲ್ಲಮ್ಮ?" ಎಂದು ಕೇಳಿದರು.

"ಒಳಗಿದ್ದಾರೆ ಮೇಡಂ," ಎಂದೆ. "ಇನ್ನು ಹೊರಗೆ ಬರಲ್ಲ."