ಲಾರೂ ಬ್ರೋಬೆಕ್‌ಗೆ ಬೇಕಿದ್ದ ಸಹಿ

ಆಟ, ಹಾಡು, ಮೀನಿನ ಗಾಳ ಇವುಗಳಿಂದಲೇ ಕೈಕಾಲು ಬಿದ್ದವರನ್ನು ಎಬ್ಬಿಸುವುದು ಲಾರೂ ಬ್ರೋಬೆಕ್‌ಳ ಕಸುಬು. ನಗಬೇಡಿ. ಯೂಟಾದ ನಮ್ಮ ಆರೈಕೆ ಮನೆಯಲ್ಲಿ ಹತ್ತೊಂಬತ್ತು ವರ್ಷ ಅವಳ ಜೊತೆ ದಾದಿಯಾಗಿ ದುಡಿದವಳು ನಾನು. ಅದನ್ನು ಕಾಲಹರಣ ಅಂದವರ ಬಾಯಿ ಮುಚ್ಚಿಸಿದ್ದೇನೆ.

ಅವಳು ಅಲ್ಲಿ ಬರೀ ಸಹಾಯಕಿ. ಐವತ್ತನಾಲ್ಕನೇ ವಯಸ್ಸಿನಲ್ಲಿ ಡಿಗ್ರಿ ಮುಗಿಸಿ, ಪರೀಕ್ಷೆಯನ್ನೂ ಗೆದ್ದಳು. ರಾಜ್ಯದ ಪೂರ್ಣ ಲೈಸೆನ್ಸಿಗೆ ಉಳಿದದ್ದು ಮೇಲ್ವಿಚಾರಕಿ ಮೆಲೆಯ ಸಹಿ. ಅದಿಲ್ಲದಿದ್ದರೆ ಅವಳ ಚಿಕಿತ್ಸೆಯ ಕೋಣೆ ನಡೆಸಲು ಲೈಸೆನ್ಸಿದ್ದ ಹೊರಗಿನವರು ಬರುತ್ತಿದ್ದರು.

ಸಹಾಯಕಿಯರಿಗೆಲ್ಲ ಒಂದು ಚಟ: ರೋಗಿ ಖುಷಿಯಾಗಿ ಎದ್ದು ಹೋಗಲಿ ಎಂದು ಅವನು ಕೈಯ ಕಸರತ್ತಿಗೆ ನೂಲು ಸುತ್ತಿ ಕಟ್ಟುವ ಗಾಳದ ಕೊನೆಯ ಗಂಟನ್ನು ತಾವೇ ಹಾಕುವುದು. ರೋಗಿ ಥೇನ್ ಬಗ್ಗೆ ಲಾರೂ ಬರೆದ ವರದಿಯನ್ನು ಮೆಲೆ ಹಿಂದಿರುಗಿಸಿದಳು.

"ಈ ಗಾಳ ಕಟ್ಟಿದ್ದು ಥೇನೋ, ನೀನೋ?"

"ಇಬ್ರೂ."

"ಹಂಗಾದ್ರೆ ಲೈಸೆನ್ಸಲ್ಲಿ ಅವನಿಗೂ ಅರ್ಧ ಕೊಡ್ಸೋಣ್ವಾ?"

ಲಾರೂ ಕೆಂಪಗಾದಳು. "ಗುರುವಾರ ಬಂದು ನೋಡು. ಮುಟ್ಟಲ್ಲ."

ಗುರುವಾರ ಮೆಲೆ ಬಂದು ಕೂತಳು. ಪಾರ್ಶ್ವವಾಯುವಿನಿಂದ ಬಲಗೈ ಸೋತ ಥೇನ್, ಗಾಳದ ಕೊಕ್ಕೆಗೆ ನೂಲನ್ನು ಎಂಟು ಸುತ್ತು ಸುತ್ತಬೇಕಿತ್ತು. ಮೂರಕ್ಕೆ ನೂಲು ಜಾರಿತು.

"ಹಿಡ್ಕೊಳೇ ಮಾರಾಯ್ತಿ."

ಲಾರೂ ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡಳು. "ಇಲ್ಲ ಥೇನ್."

"ನಿನ್ನ ಸಹಿಗೋಸ್ಕರ ನನ್ನ ಕೈ ಬಿಡ್ತೀಯಾ?"

ನಾನು ತಡೆಯಲಾರದೆ ನೂಲನ್ನು ಅವನತ್ತ ಸರಿಸಲು ಹೋದೆ. ಲಾರೂ ಕಣ್ಣಲ್ಲೇ ನನ್ನನ್ನು ಗದರಿದಳು. ಅರ್ಧ ಗಂಟೆ ಕಳೆಯಿತು. ಗಾಳ ಮುಗಿಯಲಿಲ್ಲ.

ಅವಳು ಬರೆದಳು: 'ಗುರಿ ಎಂಟು ಸುತ್ತು. ಆದದ್ದು ಮೂರು. ಸಹಾಯ ಇಲ್ಲ.' ಹಾಳೆಯನ್ನು ಮೆಲೆಯತ್ತ ತಳ್ಳಿದಳು. "ಸಹಿ ಬೇಡ ಅನ್ಸಿದ್ರೆ ಬಿಡು. ಮುಂದಿನ ವಾರ ನಾಲ್ಕು ಸುತ್ತಿಸ್ತೀನಿ."

ಥೇನ್ ಎಡಗೈಯಿಂದ ಹಾಳೆಯನ್ನು ಹಿಡಿದ. "ಏನ್ ಬರ್ದೆ? ಓದು."

ಲಾರೂ ಓದಿದಳು.

"ಮೂರೂ ನಂದೇನಾ?"

"ನಿಂದೇ."

ಅವನು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದ, ಹಿಂದೆ ಲಾರೂ ಕೈ ಹಚ್ಚಿ ಮುಗಿಸಿದ್ದ ಚಂದದ ಗಾಳಗಳತ್ತ ನೋಡಿದ.

"ಅವೆಲ್ಲ ನೀನು ತಗೊಂಡ್ಹೋಗು," ಅಂದ. "ಈ ಮೂರು ಸುತ್ತಿನ ಗಾಳಾನ ನನಗೆ ಬಿಡು."

ಮೆಲೆ ಪೆನ್ನು ತೆಗೆದು ಸಹಿ ಹಾಕಿದಳು.