ಕಣ್ಣು ಜಾರಿ ಬಿಟ್ಟ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಅರ್ಧಕ್ಕೆ ಹೆಚ್ಚಿದ ತರಕಾರಿ, ಇನ್ನರ್ಧಕ್ಕೆ ಒಂದೇ ಪುರಾತನ ಪದ್ಯದ ಮೂರು ಹಸ್ತಪ್ರತಿಗಳ ಜೆರಾಕ್ಸ್. ಒಂದರಿಂದ ಇನ್ನೊಂದಕ್ಕೆ ಬೆರಳಾಡಿಸುತ್ತಾ ಅವರು ಇವತ್ತಿನ ಪಾಠ ಸಿದ್ಧ ಮಾಡುತ್ತಿದ್ದಾರೆ. ಒಳಗಿನಿಂದ ಅತ್ತೆಯ ದನಿ: "ಸತ್ತವರ ಭಾಷೆ ಆಮೇಲೆ ಓದ್ಕೋ. ಬದುಕಿರೋಳಿಗೆ ಒಂದ್ ಲೋಟ ಬಿಸಿನೀರು ಕೊಡೇ."

ಕೊಟ್ಟು ಬಂದು ಮತ್ತೆ ಕೂರುತ್ತಾರೆ.

ವಿಶ್ವವಿದ್ಯಾಲಯದ ಪ್ರಾಚೀನ ಭಾಷೆಗಳ ವಿಭಾಗದಲ್ಲಿ ಅವರು ತಾತ್ಕಾಲಿಕ ಬೋಧಕಿ. ತಾತ್ಕಾಲಿಕವಾಗಿಯೇ ತಲೆ ನರೆತಿದೆ. ಸ್ನಾತಕೋತ್ತರ ತರಗತಿಗೆ ಬಂದವರಿಗೆ ಆಕರ ಹುಡುಕುವುದು, ಪ್ರತಿಗಳನ್ನು ತಾಳೆ ನೋಡುವುದು, ಮೂಲ ತೆರೆಯದೆ ಯಾರ ಮಾತನ್ನೂ ನಂಬದಿರುವುದು, ಇಷ್ಟನ್ನೂ ಕಲಿಸುವವರು ಇವರೇ. ವಿದ್ಯಾರ್ಥಿಗಳು ಇಟ್ಟ ಹೆಸರು 'ಅಡಿಟಿಪ್ಪಣಿ ಅಕ್ಕ'. ಕೋಣೆಯ ಬಾಗಿಲಿಗೆ ಹೆಸರಿನ ಫಲಕವಿಲ್ಲ. ಗ್ರಂಥಾಲಯದ ಮೆಟ್ಟಿಲ ಕೆಳಗಿನ ಮೂಲೆಗೆ ಬಾಗಿಲಾದರೂ ಎಲ್ಲಿಯದು?

"ಪ್ರತಿ ಮಾಡಿದ ಇಬ್ಬರೂ ಸರಿಯಾಗಿ ಬರೆದಿದ್ರೆ ಏನೂ ಗೊತ್ತಾಗಲ್ಲ," ಎನ್ನುತ್ತಾರೆ ತರಗತಿಯಲ್ಲಿ. "ಇಬ್ಬರೂ ಒಂದೇ ಕಡೆ ಎಡವಿದ್ರೆ, ಒಬ್ಬ ಇನ್ನೊಬ್ಬನ್ನ ನೋಡಿ ಬರೆದಿದ್ದಾನೆ ಅಂತ."

"ಪರೀಕ್ಷೇಲಿ ಸಿಕ್ಕಿಬೀಳೋ ಹಾಗೇನಾ ಅಕ್ಕಾ?"

"ಹಾಗೇ. ಇವರು ಸಿಕ್ಕಿಬೀಳೋಕೆ ಸ್ವಲ್ಪ ತಡ ಆಯ್ತು, ಅಷ್ಟೇ."

ಬಹಳ ಹಿಂದೆ ಅಕ್ಕನದೂ ಇದೇ ಪದ್ಯದ ಮೇಲೆ ಒಂದು ಪ್ರಬಂಧವಿತ್ತು. ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ಬರೆದದ್ದು. "ಹೊಸದೇನೂ ಇಲ್ಲವಲ್ಲಮ್ಮ," ಎಂದು ಮಾರ್ಗದರ್ಶಕರು ಪಕ್ಕಕ್ಕಿಟ್ಟರು. ಕರಡು ಗ್ರಂಥಾಲಯದ ಕಪಾಟು ಸೇರಿತು. ಕಳೆದ ವಾರ ಅದೇ ಮಾರ್ಗದರ್ಶಕರ ಮಹಾಗ್ರಂಥ ಚಪ್ಪಾಳೆಯ ನಡುವೆ ಬಿಡುಗಡೆಯಾಯಿತು. ಪುಟ ತಿರುವುತ್ತಿದ್ದ ಇವರ ಕೈ ಒಂದು ಕಡೆ ನಿಂತಿತು. ಅಲ್ಲಿ ಉದ್ಧರಿಸಿದ ಅದೇ ಪದ್ಯದಲ್ಲಿ ನಡುವಿನ ಒಂದು ಸಾಲು ಇಲ್ಲ. ಯಾವ ಹಳೆಯ ಪ್ರತಿಯಲ್ಲೂ ಆ ಸಾಲು ಬಿಟ್ಟುಹೋಗಿಲ್ಲ. ಬಿಟ್ಟದ್ದು ಇವರೇ, ತಮ್ಮ ಆ ಕರಡಿನಲ್ಲಿ, ಮಗಳಿಗೆ ಜ್ವರವೇರಿದ್ದ ದಿನ, ಕಣ್ಣು ಜಾರಿ.

"ಓದಿದ್ರೇನಮ್ಮಾ?" ಎಂದು ನಿನ್ನೆ ಮಾರ್ಗದರ್ಶಕರು ಮೆಟ್ಟಿಲ ಮೇಲಿನಿಂದಲೇ ಕೇಳಿದರು.

"ಓದ್ತಾ ಇದೀನಿ ಸರ್."

"ಮುಂದಿನ ವರ್ಷಕ್ಕೂ ನಿಮ್ಮನ್ನೇ ಇಟ್ಕೊಳ್ಳಿ ಅಂತ ಹೇಳಿದೀನಿ."

"ಉಪಕಾರ ಆಯ್ತು ಸರ್," ಎಂದರು ಇವರು.

ಈಗ ಮೇಜಿನ ಮೇಲಿನ ಮೂರು ಪ್ರತಿಗಳ ಪಕ್ಕಕ್ಕೆ ಗ್ರಂಥದ ಆ ಪುಟವನ್ನು ನಾಲ್ಕನೆಯದಾಗಿ ಇಡುತ್ತಾರೆ. ಕೆಳಗೆ ಅಭ್ಯಾಸದ ಪ್ರಶ್ನೆ ಬರೆಯುತ್ತಾರೆ: ಈ ಸಾಲು ಮೊದಲು ಎಲ್ಲಿ ಕಳೆದುಹೋಯಿತು, ಪತ್ತೆ ಮಾಡಿ.

"ಏನೇ ಅದು, ಒಬ್ಬಳೇ ನಗ್ತಿದೀಯಾ?" ಅತ್ತೆ ಬಾಗಿಲಲ್ಲಿ.

"ಏನಿಲ್ಲತ್ತೆ. ಪಾಠ."

ತಮ್ಮ ಕರಡು ಯಾವ ಕಪಾಟಿನಲ್ಲಿದೆ ಎಂದು ಅವರು ಯಾರಿಗೂ ಹೇಳುವುದಿಲ್ಲ. ಹುಡುಕುವುದನ್ನು ಕಲಿಸಿಯಾಗಿದೆ.