ಮನೆಯವರು ಹೇಗಿದ್ದಾರೆ?

ಬೊಂಬಾಯಿಯಲ್ಲಿ ಕಣ್ಣುಬಿಟ್ಟ ಮೊದಲ ಬೆಳಿಗ್ಗೆಯೇ ನಾನು ಬೈಸಿಕೊಂಡೆ. ಮಾಡಿದ ತಪ್ಪೇನು ಅಂತೀರಿ? ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸನ್ನು, “ರಾತ್ರಿ ಚೆನ್ನಾಗಿ ಕಳೆಯಿತಾ? ಮಕ್ಕಳು ಎದ್ದರಾ? ಮನೆಯವರು ಹೇಗಿದ್ದಾರೆ?” ಎಂದು ಕೇಳಿದ್ದು. ಅವಳ ಹೆಸರು ಗಂಗವ್ವ, ವಿಜಾಪುರದ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ, ಅಂಧೇರಿಯ ಈ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವಳು ಎಂಬುದೆಲ್ಲ ಆಮೇಲೆ ತಿಳಿಯಿತು. ಖೋಲಿ ಎಂದರೆ ಒಂದೇ ಕೋಣೆಯ ಮನೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀರ ಹೋಗೂ ಹೊತ್ತಾತು. ಮೊದಲ ಕೊಡ ಸರಿಸವ್ವಾ, ನಿನ್ನ ಪುರಾಣ ಆಮ್ಯಾಲ” ಎಂದಳು. ಕನ್ನಡ ಕೇಳಿದ್ದಕ್ಕೆ ಹಿಗ್ಗಬೇಕೋ ಬೈಸಿಕೊಂಡದ್ದಕ್ಕೆ ಅಳಬೇಕೋ ಗೊತ್ತಾಗದೆ ಕೊಡ ಸರಿಸಿದೆ.

ಈ ಪುರಾಣದ ಚಾಳಿ ನನಗೆ ಅಂಟಿದ್ದು ಹುಟ್ಟಿದೂರು ಉಡುಪಿಯಲ್ಲಲ್ಲ, ಕಂಪಾಲದಲ್ಲಿ. ಮದುವೆಯಾದ ವರ್ಷವೇ ನನ್ನ ಗಂಡ ರಾಘವ ಉಗಾಂಡದ ಹತ್ತಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯಲು ಹೋದರು, ನಾನೂ ಹೋದೆ. ಹದಿನೈದು ವರ್ಷ ಅಲ್ಲಿ ಬಾಳಿದೆವು. ಎಪ್ಪತ್ತೆರಡರಲ್ಲಿ ಅಲ್ಲಿನ ಸೈನಿಕ ದೊರೆ, ಏಷ್ಯಾದವರೆಲ್ಲ ಮೂರು ತಿಂಗಳಲ್ಲಿ ದೇಶ ಬಿಡಿ ಎಂದ. ನಮ್ಮ ಜೊತೆ ಮನೆ ನಡೆಸುತ್ತಿದ್ದ ನಕಾಟೊ ಎಂಬ ಹೆಂಗಸಿನ ಕೈಗೆ ಬೀಗದ ಕೈ ಕೊಟ್ಟು, ರೈಲಿನಲ್ಲಿ ಮೊಂಬಾಸಾಕ್ಕೆ ಬಂದು, ಹಡಗು ಹತ್ತಿದೆವು. ಸ್ವಂತ ದೇಶಕ್ಕೆ ಬಂದವರು ನಿರಾಶ್ರಿತರು ಹೇಗಾಗುತ್ತಾರೆ ಎಂದು ಊರಿನ ಭಾವ ಕೇಳಿದರು. ನನಗೂ ಅದೇ ಸೋಜಿಗ. ರೇಶನ್ ಆಫೀಸಿನಲ್ಲಿ ಹಿಂದಿನ ವಿಳಾಸ ಕೇಳಿದಾಗ ಕಂಪಾಲ ಎಂದೆವು. ಅಲ್ಲಿಯ ಗುಮಾಸ್ತ ಅದು ಯಾವ ಜಿಲ್ಲೆ ಎಂದು ಕೇಳಿದ.

ಅಲ್ಲಿಯ ರೂಢಿಯನ್ನು ನಿಮಗೆ ಹೇಳಲೇಬೇಕು. ಕಂಪಾಲದ ಸಂತೆಯಲ್ಲಿ ಟೊಮೆಟೊ ಬೇಕಾದರೆ ನೇರವಾಗಿ ಬೆಲೆ ಕೇಳುವುದು ಒರಟುತನ. ಮೊದಲು ‘ಜೆಬಾಲೆ ಕೋ’ ಎನ್ನಬೇಕು. ದುಡಿಯುತ್ತಿದ್ದೀರಲ್ಲ, ಒಳ್ಳೆಯದಾಯಿತು ಎಂದು ಅದರ ಅರ್ಥ. ಆಮೇಲೆ ರಾತ್ರಿಯ ಸುದ್ದಿ, ಮಕ್ಕಳ ಸುದ್ದಿ, ಕೊನೆಗೆ ಮನೆಯವರು ಹೇಗಿದ್ದಾರೆ ಎಂಬ ಪ್ರಶ್ನೆ. ಅದಕ್ಕೆ ಚೆನ್ನಾಗಿದ್ದಾರೆ ಎಂದೇ ಉತ್ತರ ಕೊಡಬೇಕು. ಮಗುವಿಗೆ ಜ್ವರ ಸುಡುತ್ತಿದ್ದರೂ ಮೊದಲು ಚೆನ್ನಾಗಿದ್ದಾರೆ. ಬಳಿಕ ಇಬ್ಬರೂ ಕುಳಿತು ಜ್ವರದ ಮಾತು. ಹೋದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ನಕಾಟೊ ನನ್ನನ್ನು ಬಿಡಲಿಲ್ಲ. ಅವಳಿಗೆ ಇಷ್ಟೆಲ್ಲ ಕೇಳದೆ ಅನ್ನಕ್ಕಿಡು ಎಂದರೆ ಕೇಳಿಸದವಳ ಹಾಗೆ ನಿಂತುಬಿಡುತ್ತಿದ್ದಳು. ವರ್ಷ ಕಳೆದಂತೆ ಆ ರೂಢಿ ನಮ್ಮಿಬ್ಬರಿಗೂ ರಕ್ತಗತವಾಯಿತು. ಗಿರಣಿಯಿಂದ ಬಂದ ರಾಘವ ಬಾಗಿಲಲ್ಲೇ ನಿಂತು ನನ್ನನ್ನೂ ಅಷ್ಟೆಲ್ಲ ಕೇಳಿ ಒಳಗೆ ಬರುತ್ತಿದ್ದರು.

ನಾನು ನಲ್ಲಿಯಲ್ಲಿ ಬೈಸಿಕೊಂಡರೆ ಹೋಯಿತು, ಅವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಮಾಟುಂಗದಲ್ಲಿ ಹೋಟೆಲು ಇಟ್ಟಿರುವ ಅವರ ದೂರದ ಮಾವನೊಬ್ಬರು ಗಲ್ಲಾಪೆಟ್ಟಿಗೆಯಲ್ಲಿ ಕೂರಿಸಿದ್ದರು, ಈ ಖೋಲಿಯನ್ನೂ ಅವರೇ ಕೊಟ್ಟಿದ್ದರು. ಕೆಲಸ ಹೋದರೆ ಖೋಲಿಯೂ ಹೋಯಿತು. ಇಡ್ಲಿ ತಿಂದು ಬಂದವರ ಬಿಲ್ಲನ್ನು ರಾಘವ ಹಿಡಿದುಕೊಂಡು, ಊರು ಯಾವುದು, ಮಕ್ಕಳು ಹೇಗಿದ್ದಾರೆ ಎಂದು ಸಾವಕಾಶವಾಗಿ ವಿಚಾರಿಸುವರು. ಹಿಂದೆ ಸಾಲು ಬಾಗಿಲಾಚೆಗೆ ಬೆಳೆಯುವುದು. ಒಬ್ಬ ಗಿರಾಕಿಯಂತೂ, ನನ್ನ ಮಕ್ಕಳ ಸುದ್ದಿ ನಿನಗೇಕೆ ಎಂದು ಜಗಳಕ್ಕೇ ಬಂದನಂತೆ. ಮಾವ ಕರೆದು ಹೇಳಿದರು: “ರಾಘವ, ಅವರಿಗೆ ಲೋಕಲ್ ಹಿಡೀಲಿಕ್ಕೆ ಉಂಟು. ಚಿಲ್ಲರೆ ಕೊಟ್ಟು ಬಿಡು ಮಾರಾಯ. ಈ ತಿಂಗಳು ನೋಡ್ತೇನೆ. ಆಗದಿದ್ರೆ ಬೇರೆ ಜನ ಹುಡುಕ್ಬೇಕಾಗ್ತದೆ.”

ಸರಿ, ಮನೆಯಲ್ಲೇ ಪಾಠ ಶುರುವಾಯಿತು. ಟ್ರಂಕೇ ಗಲ್ಲಾಪೆಟ್ಟಿಗೆ, ನಾನು ಗಿರಾಕಿ. ಹಳೇ ಕಾಗದದ ಚೂರು ಕೊಟ್ಟು ಕೈ ಚಾಚುತ್ತಿದ್ದೆ. ಎಷ್ಟು ಬಿಗಿದರೂ ಅವರ ತುಟಿ ತೆರೆದುಕೊಳ್ಳುತ್ತಿತ್ತು. “ಎದುರಿಗೆ ಮನುಷ್ಯ ನಿಂತಿದ್ದಾನೆ, ಸುಮ್ಮನಿರೂದು ಹೇಗೆ ಮಾರಾಯ್ತಿ?” ಎಂದು ಸೋತು ಕೂತರು. ಬಾಗಿಲಲ್ಲಿ ನಿಂತು ಈ ನಾಟಕ ನೋಡುತ್ತಿದ್ದ ಗಂಗವ್ವ ಒಳಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಗಿರಾಕಿಯಾದಳು.

“ಅಣ್ಣಾರ, ಮಾರಿ ನೋಡಬ್ಯಾಡ್ರಿ,” ಎಂದಳು. ಮಾರಿ ಎಂದರೆ ಅವರ ಕಡೆ ಮುಖ. “ಕೈ ನೋಡ್ರಿ. ಕೈಗೆ ಏನ್ ಕೇಳ್ತೀರಿ?”

ಆ ಉಪಾಯ ಫಲಿಸಿತು. ನಾನೂ ಆ ದಿನದಿಂದ ಈ ಊರಿನ ಕೈಗಳನ್ನು ನೋಡತೊಡಗಿದೆ. ಲೋಕಲ್ ರೈಲಿನ ಬಾಗಿಲಲ್ಲಿ ನನ್ನ ಕಾಲು ಜಾರಿದಾಗ ಯಾರದೋ ಕೈ ರಟ್ಟೆ ಹಿಡಿದು ಒಳಗೆಳೆದುಕೊಂಡಿತು. ತಿರುಗಿ ನೋಡುವಷ್ಟರಲ್ಲಿ ಆಕೆ ಬಾಂದ್ರಾದಲ್ಲಿ ಇಳಿದು ಹೋಗಿದ್ದಳು. ನಾನು ಜ್ವರದಿಂದ ಮಲಗಿದ ದಿನ ನಮ್ಮ ಕೊಡ ತುಂಬಿ ಹೊಸ್ತಿಲಲ್ಲಿತ್ತು. ತುಂಬಿದವಳು ಹೇಗಿದ್ದೀ ಎಂದು ಒಂದು ಮಾತು ಕೇಳಿರಲಿಲ್ಲ. ಅದು ಗಂಗವ್ವನೇ. ಕಂಪಾಲದಲ್ಲಾಗಿದ್ದರೆ ಬೀದಿಯವರೆಲ್ಲ ಬಂದು ಕುಶಲ ಕೇಳುತ್ತಿದ್ದರು, ಆದರೆ ನೀರು ತರುತ್ತಿದ್ದರೋ ಇಲ್ಲವೋ, ಖಾತ್ರಿಯಾಗಿ ಹೇಳಲಾರೆ. ಯಾವುದು ಹೆಚ್ಚು ಎಂದು ನನ್ನನ್ನು ಕೇಳಬೇಡಿ, ನನಗೆ ಎರಡೂ ಬೇಕು.

ತಿಂಗಳು ಮುಗಿದ ಸಂಜೆ ರಾಘವ ಮಾವ ಕೊಟ್ಟ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. ಕೆಲಸ ಕಾಯಂ, ಖೋಲಿಯೂ ನಮ್ಮದೇ. ನನಗೆ ಜೀವ ಬಂದಂತಾಯಿತು. ಓಡಿ ಕಾಫಿ ತಂದೆ. ಅವರು ಕೈ ಚಾಚಿದರು. ಕಣ್ಣು ನನ್ನ ಕೈಯ ಮೇಲಿತ್ತು, ಲೋಟದ ಮೇಲಿತ್ತು, ನನ್ನ ಮುಖಕ್ಕೆ ಏರಲೇ ಇಲ್ಲ. ಈ ಖೋಲಿ ಉಳಿಸಿಕೊಳ್ಳಲು ಇವರ ಬಾಯಿ ಕಟ್ಟಿಸಿದವಳು ನಾನೇ ಅಲ್ಲವೇ ಎನ್ನಿಸಿತು.

ಲೋಟ ಕೊಡಲಿಲ್ಲ. “ಜೆಬಾಲೆ ಕೋ” ಎಂದೆ.

ಅವರು ತಲೆಯೆತ್ತಿದರು. ಮರೆತ ದಾರಿಯಲ್ಲಿ ನಡೆಯುವವರ ಹಾಗೆ ನಿಧಾನವಾಗಿ ಒಂದೊಂದಾಗಿ ಕೇಳಿದರು. ದಿನ ಹೇಗೆ ಕಳೆಯಿತು, ನೀರು ಬಂತೇ, ಜ್ವರ ಪೂರ್ತಿ ಬಿಟ್ಟಿತೇ. ಕೊನೆಗೆ ಅಭ್ಯಾಸಬಲದಿಂದ, “ಮನೆಯವರು ಹೇಗಿದ್ದಾರೆ?” ಎಂದರು.

ಈ ಮನೆಯಲ್ಲಿರುವುದು ನಾವಿಬ್ಬರೇ. ಕಂಪಾಲದ ಆ ಮನೆಯಲ್ಲಿ ನಕಾಟೊ ಇದ್ದಾಳೋ, ನಮ್ಮ ಬೀದಿಗೆ ಬಂದರೆಂದು ನಾವು ಕೇಳಿದ್ದ ಸೈನಿಕರು ಇದ್ದಾರೋ, ಹೇಳುವವರಿಲ್ಲ. ಬೀಗದ ಕೈ ತೆಗೆದುಕೊಳ್ಳುವಾಗಲೂ ಅವಳು ಇದೇ ಪ್ರಶ್ನೆ ಕೇಳಿದ್ದಳು.

“ಚೆನ್ನಾಗಿದ್ದಾರೆ” ಎಂದೆ.

ಆಮೇಲೆ, ರೂಢಿಯಂತೆ, ನಿಜವಾದ ಸುದ್ದಿ ಹೇಳಿಕೊಳ್ಳಲು ಇಬ್ಬರೂ ಕುಳಿತೆವು. ಆ ಮನೆಯ ಸುದ್ದಿ ಮಾತ್ರ ಇಬ್ಬರ ಹತ್ತಿರವೂ ಇರಲಿಲ್ಲ.